ಹದ ಬರುವ ತನಕ

ಮೊದಲ ದಿನ, ಮೊದಲ ಅರ್ಧ ಗಂಟೆ, ಯಾರಿಗೂ ಚಕ್ರ ಸಿಗುವುದಿಲ್ಲ. ಜಯನಗರ, ಜೆ.ಪಿ. ನಗರ, ಬನಶಂಕರಿ, ಬಿಟಿಎಂ ಲೇಔಟ್ ಕಡೆ ಮನೆಯ ಮಹಡಿಯಲ್ಲೋ ಹಳೆಯ ಕಾರು ಶೆಡ್ಡಿನಲ್ಲೋ ನಡೆಯುವ ಕುಂಬಾರಿಕೆ ತರಗತಿಗಳಿಗೆ ಹೊಸದಾಗಿ ಸೇರಿದವರಿಗೆ ಕಾದಿರುವ ಸಣ್ಣ ನಿರಾಸೆ ಇದು. ಮೊಬೈಲಿನಲ್ಲಿ ರೀಲ್ಸ್ ನೋಡಿ ಬಂದವರಿಗಂತೂ ಕೈ ತುರಿಸುತ್ತಿರುತ್ತದೆ. ತಿರುಗುವ ಚಕ್ರ, ಅದರ ಮೇಲೆ ಹೂವಿನ ಹಾಗೆ ಅರಳುವ ಹೂದಾನಿ. ಆದರೆ ಕಲಿಸುವವರು ಕೈಗಿಡುವುದು ಅರ್ಧ ಕಿಲೋ ಮಣ್ಣಿನ ಮುದ್ದೆ. "ಚಪಾತಿ ಹಿಟ್ಟು ನಾದುತ್ತೀರಲ್ಲ, ಹಾಗೆ ನಾದಿ. ಮಡಚಬೇಡಿ, ಒತ್ತಿ ತಿರುಗಿಸಿ."

ಮಡಚಿದರೆ ಒಳಗೆ ಗಾಳಿ ಸೇರಿಕೊಳ್ಳುತ್ತದೆ. ಒತ್ತಿ ತಿರುಗಿಸಿದರೆ ಗಾಳಿ ಹೊರಗೆ ಹೋಗುತ್ತದೆ, ಒಂದು ಕಡೆ ಗಟ್ಟಿ, ಒಂದು ಕಡೆ ಮೆತ್ತಗಿದ್ದ ಮುದ್ದೆ ಒಂದೇ ಸಮನಾಗುತ್ತದೆ. ಹತ್ತು ನಿಮಿಷಕ್ಕೆ ತೋಳು ಸೋಲುತ್ತದೆ. ಲ್ಯಾಪ್‌ಟಾಪಿನ ಮುಂದೆ ಕೂತು ಕೆಲಸ ಮಾಡುವವರಿಗೆ ತಮಗೆ ಭುಜವೊಂದು ಇದೆ ಎಂದು ನೆನಪಾಗುವುದು ಆಗಲೇ. ನಾದಿದ ಮುದ್ದೆಯನ್ನು ತಂತಿಯಿಂದ ಎರಡು ಹೋಳು ಮಾಡಿ ತೋರಿಸುತ್ತಾರೆ. ಕೊಯ್ದ ಮುಖದಲ್ಲಿ ಸಣ್ಣ ತೂತುಗಳು ಕಂಡರೆ ಮತ್ತೆ ನಾದಬೇಕು. ಗಿಣ್ಣಿನ ಹಾಗೆ ನುಣ್ಣಗಿದ್ದರೆ ಹದ ಬಂತು.

ಹದ ಎಂಬ ಈ ಪುಟ್ಟ ಮಾತಿನೊಳಗೆ ಕುಂಬಾರಿಕೆಯ ಮುಕ್ಕಾಲು ಪಾಠವಿದೆ. ಅದು ಕನ್ನಡ ಅಡುಗೆಮನೆಯಲ್ಲಿ ದಿನಾ ಬಳಕೆಯಲ್ಲಿರುವ ಮಾತು. ಬೆಲ್ಲದ ಪಾಕಕ್ಕೆ ಹದ, ದೋಸೆ ಹಿಟ್ಟಿಗೆ ಹದ, ಉಪ್ಪಿನಕಾಯಿಗೆ ಹದ, ಬಿತ್ತನೆಗೆ ಭೂಮಿಯ ಹದ. ಅಳತೆ ಪಟ್ಟಿಗೆ ಸಿಗದ್ದು, ಕೈಗೆ ಮಾತ್ರ ತಿಳಿಯುವಂಥದ್ದು. ಮಣ್ಣಿಗಂತೂ ಹದ ಒಂದಲ್ಲ. ನಾದುವಾಗಿನದು ಒಂದು, ಚಕ್ರಕ್ಕೆ ಏರಿಸುವಾಗಿನದು ಇನ್ನೊಂದು, ತಳ ಕೆತ್ತುವಾಗಿನದು ಮತ್ತೊಂದು, ಒಲೆಗಿಡುವಾಗಿನದು ಬೇರೆಯೇ. ಒಂದನ್ನು ತಪ್ಪಿಸಿ ಮುಂದಿನದಕ್ಕೆ ಹಾರಲಾಗುವುದಿಲ್ಲ. ಎರಡು ತಾಸಿನ ತರಗತಿಯಲ್ಲಿ ಬಟ್ಟಲು ಮುಗಿಸಿ ಸಂಜೆ ಮನೆಗೆ ಒಯ್ಯುತ್ತೇನೆ ಎಂದು ಬಂದವರಿಗೆ ಅದು ಕೈಸೇರುವುದು ಮೂರು ನಾಲ್ಕು ವಾರದ ಮೇಲೆ. ಕೊರಿಯರ್ ಹತ್ತು ನಿಮಿಷ ತಡವಾದರೆ ಸಿಡುಕುವ ಊರಿನಲ್ಲಿ ಜನ ದುಡ್ಡು ಕೊಟ್ಟು ಹೀಗೆ ಕಾಯಲು ಬರುತ್ತಿದ್ದಾರೆ ಎಂಬುದೇ ಗಮನಿಸಬೇಕಾದ ಸಂಗತಿ.

ಮಣ್ಣು ಎಲ್ಲಿಂದ ಬಂತು ಎಂದು ಕೇಳಿದರೆ ಸ್ಟುಡಿಯೋದಲ್ಲಿ ಪ್ಲಾಸ್ಟಿಕ್ ಚೀಲ ತೋರಿಸುತ್ತಾರೆ. ಸೋಸಿ, ಹದ ಮಾಡಿ, ಪ್ಯಾಕೆಟ್ಟಿನಲ್ಲಿ ಮಾರುವ ಮಣ್ಣು ಅದು. ಆದರೆ ಅದರ ಹುಟ್ಟು ಬೇರೆಲ್ಲೋ ಇಲ್ಲ, ಜಯನಗರದವರು ಬೆಳಗ್ಗೆ ವಾಕಿಂಗ್ ಹೋಗುವ ಲಾಲ್‌ಬಾಗಿನ ಬಂಡೆಯಲ್ಲೇ ಅದನ್ನು ಕಾಣಬಹುದು. ಸುಮಾರು 300 ಕೋಟಿ ವರ್ಷ ಹಳೆಯದಾದ, ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕವೆಂದು ಗುರುತಿಸಲಾದ ಆ ಬಂಡೆಯಲ್ಲಿ ಫೆಲ್ಡ್‌ಸ್ಪಾರ್ ಎಂಬ ಖನಿಜವಿದೆ. ಮಳೆ, ಬಿಸಿಲು, ಬೇರು, ನೀರಿನಲ್ಲಿ ಕರಗಿದ ಇಂಗಾಲಾಮ್ಲ ಸೇರಿ ಅಂಥ ಕಲ್ಲನ್ನು ಲಕ್ಷಾಂತರ ವರ್ಷ ಸವೆಸಿದರೆ ಫೆಲ್ಡ್‌ಸ್ಪಾರ್ ಜೇಡಿಯಾಗುತ್ತದೆ. ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಜೇಡಿಯ ಕಣ ಮರಳಿನ ಹಾಗೆ ದುಂಡಗಿರುವುದಿಲ್ಲ, ತೆಳು ಬಿಲ್ಲೆಯ ಹಾಗಿರುತ್ತದೆ. ಬಿಲ್ಲೆಗಳ ನಡುವೆ ನೀರಿನ ಪೊರೆ ಇರುವುದರಿಂದ ಅವು ಒಂದರ ಮೇಲೊಂದು ಜಾರುತ್ತವೆ, ಆದರೂ ಒಂದನ್ನೊಂದು ಬಿಡುವುದಿಲ್ಲ. ಒತ್ತಿದರೆ ಬಾಗುವುದು, ಬಿಟ್ಟರೆ ಹಾಗೇ ನಿಲ್ಲುವುದು, ಎರಡೂ ಆ ಜಾರಿಕೆಯಿಂದಲೇ. ಕೆಂಪು ಬಣ್ಣ ಕಬ್ಬಿಣದ ತುಕ್ಕಿನದು.

ಹೀಗೆ ಸವೆದ ಮಣ್ಣು ಮಳೆನೀರಿನೊಂದಿಗೆ ಇಳಿದು ಕೆರೆಗಳ ತಳದಲ್ಲಿ ಸೇರುತ್ತಿತ್ತು. ಬೆಂಗಳೂರಿನ ಕುಂಬಾರರಿಗೆ ಕೆರೆಯೇ ಗಣಿಯಾಗಿತ್ತು. ಬಿಟಿಎಂ ಎಂದರೆ ಬೈರಸಂದ್ರ, ತಾವರೆಕೆರೆ, ಮಡಿವಾಳ. ಮೂರಕ್ಕೂ ಕೆರೆಯ ನಂಟು. ಅತ್ತ ಯಡಿಯೂರು ಕೆರೆ, ಸಾರಕ್ಕಿ ಕೆರೆ, ಪುಟ್ಟೇನಹಳ್ಳಿ ಕೆರೆ. ಉಳಿದ ಕೆರೆಗಳಿಗೆ ಈಗ ಬೇಲಿ, ನಡಿಗೆ ಹಾದಿ, ಕಾವಲುಗಾರ. ಉಳಿಯದವುಗಳ ಮೇಲೆ ಅಪಾರ್ಟ್‌ಮೆಂಟು. ಊರು ಬೆಳೆದ ಹಾಗೆ ಕುಂಬಾರನಿಗೆ ಮೊದಲು ತಪ್ಪಿದ್ದು ಗಿರಾಕಿಯಲ್ಲ, ಮಣ್ಣು.

ಇನ್ನು ಚಕ್ರದ ಮುಂದೆ ಕೂರುವ ಹೊತ್ತು. ಮುದ್ದೆಯನ್ನು ಚಕ್ರದ ನಡುವೆ ಬಡಿದು ಕೂರಿಸಿ, ಕೈ ಒದ್ದೆ ಮಾಡಿಕೊಂಡು, ಮೊಣಕೈಯನ್ನು ತೊಡೆಗೆ ಊರಿ ಒತ್ತಬೇಕು. ಮುದ್ದೆ ಕುಣಿಯುತ್ತದೆ. ಅದರ ಜೊತೆ ಕೈಯೂ ಕುಣಿಯುತ್ತದೆ. ಹೊಸಬರ ತಪ್ಪು ಅಲ್ಲೇ. ಮಣ್ಣು ತಳ್ಳಿದ ಕಡೆಗೆ ಕೈ ಹೋಗಬಾರದು, ಕೈ ನಿಂತ ಕಡೆಗೆ ಮಣ್ಣು ಬರಬೇಕು. ಇದಕ್ಕೆ ಬೆರಳಿನ ಬಲ ಸಾಲದು. ಬೆನ್ನು, ಸೊಂಟ, ಉಸಿರು ಎಲ್ಲ ಸೇರಬೇಕು. ಒಂದು ಗಳಿಗೆಯಲ್ಲಿ ಮುದ್ದೆ ತಿರುಗುತ್ತಿದ್ದರೂ ನಿಂತ ಹಾಗೆ ಕಾಣುತ್ತದೆ. ನಡು ಸಿಕ್ಕಿತು ಎಂದರ್ಥ. ಕೆಲವರಿಗೆ ಇದು ಎರಡನೆಯ ದಿನವೇ ಬರುತ್ತದೆ, ಕೆಲವರಿಗೆ ಎರಡು ತಿಂಗಳಾದರೂ ಇಲ್ಲ. ನಡು ಸಿಗದೆ ಹೆಬ್ಬೆರಳು ಇಳಿಸಿದರೆ ಒಂದು ಗೋಡೆ ದಪ್ಪ, ಇನ್ನೊಂದು ತೆಳು. ಮೇಲೆತ್ತುವಾಗ ತೆಳು ಕಡೆ ಮಡಚಿ ಬಟ್ಟಲು ಕುಸಿಯುತ್ತದೆ. ಕುಸಿದದ್ದನ್ನು ಕೆರೆದು ಮತ್ತೆ ಮುದ್ದೆ ಮಾಡಬೇಕು. ಉಗುರು ಕತ್ತರಿಸಿಕೊಂಡು, ಉಂಗುರ ಬಿಚ್ಚಿಟ್ಟು, ಹಳೆಯ ಬಟ್ಟೆ ತೊಟ್ಟು ಬನ್ನಿ ಎಂದು ಮೊದಲೇ ಹೇಳಿರುತ್ತಾರೆ. ಅದನ್ನು ಮರೆತು ಬಂದವರ ಬಟ್ಟಲಿನ ಒಳಗೋಡೆಯಲ್ಲಿ ಉಗುರಿನ ಗೀರು ಸುರುಳಿಯಾಗಿ ಮೂಡಿರುತ್ತದೆ.

ಕನ್ನಡದಲ್ಲಿ ಈ ಚಕ್ರಕ್ಕೆ ತಿಗರಿ ಎನ್ನುತ್ತಾರೆ. ಸುಟ್ಟು ಗಟ್ಟಿ ಮಾಡುವ ಒಲೆಗೆ ಆವಿಗೆ. ದಕ್ಷಿಣ ಬೆಂಗಳೂರಿನ ತರಗತಿಗಳಲ್ಲಿ ಈ ಎರಡು ಮಾತು ಕಿವಿಗೆ ಬೀಳುವುದೇ ಅಪರೂಪ. ವೀಲ್, ಕಿಲ್ನ್, ಬಿಸ್ಕ್, ಗ್ಲೇಜ್ ಎಂದೇ ಎಲ್ಲರೂ ಅನ್ನುವುದು. ಕಲಿಯುವವರಲ್ಲಿ ಅರ್ಧ ಜನ ಬೇರೆ ರಾಜ್ಯದವರು, ಸರಿ. ಆದರೆ ಉಳಿದರ್ಧ ಜನರ ಅಜ್ಜಿಯ ಮನೆಯಲ್ಲಿ ನೀರಿನ ಹರವಿ ಇತ್ತು, ಉಪ್ಪಿನ ಕುಡಿಕೆ ಇತ್ತು, ಕಾಳು ತುಂಬುವ ವಾಡೆ ಇತ್ತು, ಮೊಸರಿನ ಗಡಿಗೆ ಇತ್ತು. ಮದುವೆಗೆ ಮುನ್ನ ಕುಂಬಾರರ ಮನೆಗೆ ವಾದ್ಯದೊಂದಿಗೆ ಹೋಗಿ ಐರಣಿ ತರುವ ಶಾಸ್ತ್ರ ಇವತ್ತಿಗೂ ಎಷ್ಟೋ ಮನೆಗಳಲ್ಲಿದೆ. ಇಷ್ಟೊಂದು ಮಾತು ಮನೆಯಲ್ಲೇ ಇರುವಾಗ ಕಲಿಸುವವರು ದಿನಕ್ಕೊಂದನ್ನಾದರೂ ಬಾಯಿಗೆ ತಂದರೆ ಬರೀ ಪಾತ್ರೆಯ ಹೆಸರು ಉಳಿಯುವುದಲ್ಲ. ಹರವಿಯ ಬಾಯಿ ಏಕೆ ಅಗಲ, ಹೂಜಿಯ ಕತ್ತು ಏಕೆ ಸಣ್ಣ ಎಂಬ ಲೆಕ್ಕವೂ ಅದರ ಜೊತೆ ಬರುತ್ತದೆ.

ಹಳೆಯ ತಿಗರಿಗೂ ಸ್ಟುಡಿಯೋದ ವಿದ್ಯುತ್ ಚಕ್ರಕ್ಕೂ ವ್ಯತ್ಯಾಸ ದೊಡ್ಡದು. ತಿಗರಿ ನೆಲಮಟ್ಟದಲ್ಲಿ ಒಂದು ಮೊಳೆಯ ಮೇಲೆ ಕೂತ ಭಾರದ ಚಕ್ರ. ಅಂಚಿನ ಗುಳಿಗೆ ಕೋಲು ಸಿಕ್ಕಿಸಿ ಜೋರಾಗಿ ಬೀಸಿದರೆ ಕೆಲವು ನಿಮಿಷ ತನ್ನಷ್ಟಕ್ಕೆ ತಿರುಗುತ್ತದೆ. ಆ ವೇಗ ಕುಗ್ಗುವುದರೊಳಗೆ ಕುಂಬಾರ ಪಾತ್ರೆ ಎತ್ತಿ ಮುಗಿಸಬೇಕು. ವಿದ್ಯುತ್ ಚಕ್ರದಲ್ಲಿ ಕಾಲಡಿಯ ಪೆಡಲು ಒತ್ತಿದರಾಯಿತು. ಈಗ ಹಳ್ಳಿಯ ಕುಂಬಾರರಲ್ಲೂ ವಿದ್ಯುತ್ ಚಕ್ರ ಬಂದಿದೆ. ಖಾದಿ ಮತ್ತು ಗ್ರಾಮೋದ್ಯೋಗ ಆಯೋಗ 2018ರಲ್ಲಿ ಶುರು ಮಾಡಿದ ಕುಂಬಾರ ಸಶಕ್ತೀಕರಣ ಯೋಜನೆಯಲ್ಲಿ ಅದನ್ನು ಹಂಚಲಾಯಿತು. ಬೆಳಗಾವಿ ಜಿಲ್ಲೆಯ ಖಾನಾಪುರದಲ್ಲಿ ಆಯೋಗದ್ದೇ ಕುಂಬಾರಿಕೆ ತರಬೇತಿ ಸಂಸ್ಥೆಯಿದೆ. ಬೆನ್ನು ಬಾಗಿಸಿ ಕೋಲು ಬೀಸುತ್ತಿದ್ದವರಿಗೆ ಇದು ನಿಜಕ್ಕೂ ದೊಡ್ಡ ಬಿಡುಗಡೆ.

ಬೆಂಗಳೂರಿನಲ್ಲಿ ಕುಂಬಾರರನ್ನು ಕೆಲಸದ ನಡುವೆಯೇ ನೋಡಬೇಕೆಂದರೆ ಹೋಗಬೇಕಾದ್ದು ಬೆನ್ಸನ್ ಟೌನ್ ಪಕ್ಕದ ಪಾಟರಿ ಟೌನಿಗೆ. ಪೇಟೆಯ ಕುಂಬಾರಪೇಟೆಯಲ್ಲಿ ಈಗ ಹೆಸರು ಮಾತ್ರ ಉಳಿದಿದೆ. ಪಾಟರಿ ಟೌನಿನಲ್ಲಿ ತಲೆಮಾರುಗಳಿಂದ ನೆಲೆಸಿದ ಮನೆತನಗಳು ಇನ್ನೂ ಹಣತೆ, ಮಡಕೆ, ಕುಂಡ, ಗಣಪನ ಮೂರ್ತಿ ಮಾಡುತ್ತಿವೆ. ನಮ್ಮ ಮೆಟ್ರೋದ ಗುಲಾಬಿ ಮಾರ್ಗದ ನಕ್ಷೆ ತೆರೆದರೆ ಒಂದು ಚೆಂದದ ಕಾಕತಾಳೀಯ ಕಾಣುತ್ತದೆ. ಬನ್ನೇರುಘಟ್ಟ ರಸ್ತೆಯ ಗುಂಟ ಜೆ.ಪಿ. ನಗರ 4ನೇ ಹಂತ, ಜಯದೇವ, ತಾವರೆಕೆರೆ ನಿಲ್ದಾಣಗಳನ್ನು ಮುಟ್ಟಿ ನಗರದೊಳಗೆ ಹೋಗುವ ಅದೇ ಗೆರೆಯ ಮೇಲೆ ಮುಂದೆ ಪಾಟರಿ ಟೌನ್ ಎಂಬ ನಿಲ್ದಾಣವೂ ಇದೆ. ಶನಿವಾರ ಭಾನುವಾರ ಮಣ್ಣು ಕಲಿಯುವವರ ಬಡಾವಣೆ, ವಾರವಿಡೀ ಮಣ್ಣಿನಲ್ಲೇ ಬದುಕುವವರ ಬೀದಿ, ಎರಡಕ್ಕೂ ಒಂದೇ ಗೆರೆ. ಸ್ಟುಡಿಯೋಗಳು ತಿಂಗಳಿಗೊಮ್ಮೆ ಆ ಬೀದಿಯ ಹಿರಿಯರೊಬ್ಬರನ್ನು ಗುರುವಿನ ಗೌರವಧನ ಕೊಟ್ಟು ಕರೆಸಿಕೊಂಡರೆ ಹೇಗಿರುತ್ತದೆ! ಒಂದು ಹಣತೆಯನ್ನು ಕಣ್ಣು ಮಿಟುಕಿಸುವಷ್ಟರಲ್ಲಿ ಮುದ್ದೆಯ ತುದಿಯಿಂದ ಎತ್ತಿ ದಾರದಿಂದ ಕೊಯ್ದಿಡುವ ಆ ಕೈಯನ್ನು ಯಾವ ವಿಡಿಯೋವೂ ಕಲಿಸಲಾರದು.

ಚಕ್ರ ಒಲಿಯದವರು ಬೇಸರ ಪಡಬೇಕಿಲ್ಲ. ಕೈಯಿಂದಲೇ ಕಟ್ಟುವ ದಾರಿ ಚಕ್ರಕ್ಕಿಂತ ಹಳೆಯದು. ಉಂಡೆಗೆ ಹೆಬ್ಬೆರಳಿಟ್ಟು ಚಿವುಟುತ್ತಾ ಬಟ್ಟಲು ಮಾಡುವುದು, ಮಣ್ಣನ್ನು ಹಗ್ಗದ ಹಾಗೆ ಹೊಸೆದು ಚಕ್ಕುಲಿಯಂತೆ ಸುತ್ತಿ ಏರಿಸುವುದು, ಲಟ್ಟಣಿಗೆಯಿಂದ ಹಾಳೆ ಲಟ್ಟಿಸಿ ಜೋಡಿಸುವುದು. ಚಕ್ಕುಲಿ, ಕಡುಬು ಮಾಡಿ ಬಲ್ಲ ಹಿರಿಯ ಹೆಂಗಸರು ಈ ಭಾಗದಲ್ಲಿ ಉಳಿದವರನ್ನು ಮೀರಿಸಿಬಿಡುತ್ತಾರೆ. ಎರಡು ತುಂಡು ಸೇರಿಸುವಾಗ ಮಾತ್ರ ಜಾಗ್ರತೆ: ಎರಡೂ ಕಡೆ ಗೀರಿ, ನಡುವೆ ಮಣ್ಣಿನ ಗಂಜಿ ಸವರಿ ಒತ್ತಬೇಕು, ಎರಡೂ ಒಂದೇ ಹದದಲ್ಲಿರಬೇಕು. ಒಣಗಿದ ಲೋಟಕ್ಕೆ ಹಸಿ ಹಿಡಿ ಅಂಟಿಸಿದರೆ ಹಿಡಿ ಒಣಗುತ್ತಾ ಕುಗ್ಗಿ ಬಿರುಕು ಬಿಟ್ಟು ಕಳಚುತ್ತದೆ.

ಶಿಲ್ಪದ ತರಗತಿಯಲ್ಲಿ ಪಾಠ ಇನ್ನೊಂದು ಬಗೆ. ಮುಖ ಮಾಡುವಾಗ ಎಲ್ಲರೂ ಮೊದಲು ಕಣ್ಣು ಬರೆಯಲು ಹೋಗುತ್ತಾರೆ. ಕಲಿಸುವವರು ತಡೆದು ತಲೆಬುರುಡೆಯಿಂದ ಶುರು ಮಾಡಿಸುತ್ತಾರೆ: ಹಣೆಯ ಉಬ್ಬು, ಕಣ್ಣಿನ ಗುಳಿ, ದವಡೆಯ ಮೂಳೆ. ಕಣ್ಣಿನ ಗೆರೆ ತಲೆಯ ಮೇಲ್ಭಾಗದಲ್ಲಿದೆ ಅಂದುಕೊಂಡವರಿಗೆ ಅದು ನೆತ್ತಿಗೂ ಗಲ್ಲಕ್ಕೂ ಸರಿ ನಡುವೆ ಇದೆ ಎಂದು ಗೊತ್ತಾಗುವ ದಿನ ಅದು. ಊರಿನ ವೃತ್ತಗಳಲ್ಲಿ ನಿಂತ ಕಂಚಿನ ಪ್ರತಿಮೆಗಳೂ ಸಾಮಾನ್ಯವಾಗಿ ಹೀಗೆ ಮಣ್ಣಿನಲ್ಲಿ ಹುಟ್ಟಿ, ಅಚ್ಚಿಗಿಳಿದು, ಆಮೇಲೆ ಲೋಹವಾದಂಥವು. ಅಚ್ಚಿಗೆ ಹೋಗುವ ಮಣ್ಣಿನ ಒಳಗೆ ಕಬ್ಬಿಣದ ಸರಳಿನ ಅಸ್ಥಿಪಂಜರ ಇರುತ್ತದೆ. ಸುಡುವ ಶಿಲ್ಪಕ್ಕೆ ಅದು ಕೂಡದು. ಅದನ್ನು ಅರೆ ಒಣಗಿದಾಗ ಕೊಯ್ದು, ಒಳಗಿನ ತಿರುಳು ಕೆರೆದು, ಬೆರಳಿನ ದಪ್ಪ ಗೋಡೆ ಮಾತ್ರ ಉಳಿಸಿ ಮತ್ತೆ ಮುಚ್ಚಬೇಕು, ಕಾಣದ ಕಡೆ ಸಣ್ಣ ತೂತು ಬಿಡಬೇಕು. ಗಾಳಿಗುಳ್ಳೆಯಿಂದ ಶಿಲ್ಪ ಸಿಡಿಯುತ್ತದೆ ಎಂದು ಬಹಳ ಜನ ನಂಬಿದ್ದಾರೆ. ಸಿಡಿಸುವುದು ಗಾಳಿಯಲ್ಲ, ನೀರು. ದಪ್ಪ ಗೋಡೆಯ ನಡುವೆ ಉಳಿದ ಪಸೆ 100 ಡಿಗ್ರಿ ದಾಟಿದೊಡನೆ ಆವಿಯಾಗಿ ಹಿಗ್ಗಿ, ಹೊರಗೆ ಬರಲು ದಾರಿ ಸಿಗದೆ ಮಣ್ಣನ್ನೇ ಸೀಳುತ್ತದೆ.

ಆದ್ದರಿಂದ ಒಣಗುವುದು ಅವಸರದ ಕೆಲಸವಲ್ಲ. ಬೆಂಗಳೂರಿನ ಹವೆ ಇದಕ್ಕೆ ಒಂದು ತಿಂಗಳಿದ್ದಂತೆ ಇನ್ನೊಂದು ತಿಂಗಳಿರುವುದಿಲ್ಲ. ಮಾರ್ಚ್‌ನಲ್ಲಿ ಅಂಚು ಬೇಗ ಒಣಗಿ ತಳ ಹಸಿಯಾಗಿ ಉಳಿಯುತ್ತದೆ, ನಡುವೆ ಎಸ್ ಆಕಾರದ ಬಿರುಕು. ಆಗ ಪ್ಲಾಸ್ಟಿಕ್ ಹೊದಿಸಿ ಒಣಗುವಿಕೆಯನ್ನು ನಿಧಾನಿಸಬೇಕು. ಆಗಸ್ಟಿನ ಜಿಟಿಜಿಟಿ ಮಳೆಯಲ್ಲಿ ವಾರ ಕಳೆದರೂ ಕೆನ್ನೆಗೆ ಒತ್ತಿದರೆ ತಣ್ಣಗೆ ಅನ್ನಿಸುತ್ತದೆ. ತಣ್ಣಗಿದ್ದರೆ ಒಳಗೆ ಇನ್ನೂ ನೀರಿದೆ. ಇಷ್ಟರಲ್ಲಿ ಬಟ್ಟಲು ಕುಗ್ಗಿಯೂ ಇರುತ್ತದೆ. ಹಸಿಯಿಂದ ಸುಡುವ ತನಕ ಸಾಮಾನ್ಯವಾಗಿ ನೂರಕ್ಕೆ ಎಂಟು ಹತ್ತರಷ್ಟು ಕುಗ್ಗುವ ಲೆಕ್ಕ ಹಾಕಿಯೇ ಮುಚ್ಚಳವನ್ನೂ ಪಾತ್ರೆಯನ್ನೂ ಒಟ್ಟಿಗೆ ಮಾಡುತ್ತಾರೆ.

ಸಾಮುದಾಯಿಕ ಸ್ಟುಡಿಯೋ ಎಂಬುದು ನಿಜಕ್ಕೂ ಬೇಕಾಗುವುದು ಇನ್ನು ಮುಂದೆ. ಮಣ್ಣು ಮನೆಗೆ ತರಬಹುದು, ಬಾಲ್ಕನಿಯಲ್ಲಿ ಚಕ್ರವನ್ನೂ ಇಟ್ಟುಕೊಳ್ಳಬಹುದು. ಆದರೆ ಮೂರನೆಯ ಮಹಡಿಯ ಫ್ಲಾಟಿನಲ್ಲಿ ಆವಿಗೆ ಹೊತ್ತಿಸಲಾಗುವುದಿಲ್ಲ. ದೊಡ್ಡ ವಿದ್ಯುತ್ ಆವಿಗೆಗೆ ಮೂರು ಫೇಸಿನ ಸಂಪರ್ಕ ಬೇಕು. ಒಂದು ಬಾರಿ ಸುಟ್ಟು ತಣಿಸಿ ತೆರೆಯಲು ಒಂದೆರಡು ದಿನ ಹಿಡಿಯುತ್ತದೆ, ಹೊಟ್ಟೆ ತುಂಬದೆ ಅದನ್ನು ಹಚ್ಚುವುದು ದಂಡ. ಹಾಗಾಗಿ ಬ್ಯಾಂಕಿನಿಂದ ನಿವೃತ್ತರಾದವರ ಹೂಕುಂಡ, ಶಾಲೆ ಹುಡುಗಿಯ ಆಮೆ, ಸಾಫ್ಟ್‌ವೇರ್ ಉದ್ಯೋಗಿಯ ಓರೆ ಲೋಟ ಎಲ್ಲವೂ ಒಂದೇ ಹಲಗೆಯ ಮೇಲೆ ಒತ್ತಿಕೊಂಡು ಕೂತು ಒಟ್ಟಿಗೆ ಬೇಯುತ್ತವೆ. ಒಂದು ಸಿಡಿದರೆ ಪಕ್ಕದ್ದಕ್ಕೂ ಪೆಟ್ಟು.

ಒಳಗೆ ಆಗುವುದಿಷ್ಟು. ಮೊದಲು ನಿಧಾನವಾಗಿ ಉಳಿದ ಪಸೆ ಹೋಗುತ್ತದೆ. 500 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿ ಜೇಡಿಯ ಕಣದೊಳಗೇ ರಾಸಾಯನಿಕವಾಗಿ ಬೆಸೆದಿದ್ದ ನೀರು ಬಿಟ್ಟುಹೋಗುತ್ತದೆ. ಅಲ್ಲಿಂದ ಮುಂದೆ ಆ ಮಣ್ಣು ನೀರಿನಲ್ಲಿ ಎಂದೂ ಕರಗದು. 573 ಡಿಗ್ರಿಯಲ್ಲಿ ಮಣ್ಣಿನೊಳಗಿನ ಬೆಣಚು ಒಮ್ಮೆಲೆ ಹಿಗ್ಗುತ್ತದೆ, ತಣಿಯುವಾಗ ಅದೇ ಹಂತದಲ್ಲಿ ಕುಗ್ಗುತ್ತದೆ. ಏರುವಾಗ ಇಳಿಯುವಾಗ ಎರಡು ಸಲವೂ ಅಲ್ಲಿ ಮೆಲ್ಲಗೆ ದಾಟಬೇಕು. 900 ದಾಟಿದರೆ ಕೆಂಪು ಸುಟ್ಟಮಣ್ಣು. ಹೊಳಪಿನ ಗ್ಲೇಜ್ ಬೇಕಿದ್ದರೆ ಅದನ್ನು ಲೇಪಿಸಿ ಮತ್ತೊಮ್ಮೆ ಸುಡಬೇಕು. ಸ್ಟೋನ್‌ವೇರ್ ಮಣ್ಣಾದರೆ 1,200 ಡಿಗ್ರಿಗೂ ಮೇಲೆ. ಗ್ಲೇಜ್ ಎಂದರೆ ಮಣ್ಣಿಗೆ ಬೆಸೆದುಕೊಂಡ ತೆಳು ಗಾಜಿನ ಪದರ. ಕಬ್ಬಿಣ ಬೆರೆತರೆ ಕಂದು, ತಾಮ್ರ ಬೆರೆತರೆ ಹಸಿರು, ಕೋಬಾಲ್ಟ್ ಬೆರೆತರೆ ನೀಲಿ. ಉಣ್ಣುವ ಪಾತ್ರೆಯ ಗ್ಲೇಜಿನಲ್ಲಿ ಸೀಸ ಇರಕೂಡದು, ಕೇಳಿ ತಿಳಿದುಕೊಳ್ಳಬೇಕು. ಗ್ಲೇಜಿಲ್ಲದ ಕೆಂಪು ಮಣ್ಣಿನ ಲೋಟದಲ್ಲಿ ಕಾಫಿ ಜಿನುಗಿತೆಂದು ಬೇಸರಿಸುವವರಿಗೆ ಬೇಸಿಗೆಯ ಮಡಕೆ ನೆನಪಾಗಬೇಕು. ಅದೇ ಜಿನುಗು ಹೊರಮೈಯಲ್ಲಿ ಆವಿಯಾಗುವುದರಿಂದಲೇ ಮಡಕೆಯ ನೀರು ತಣ್ಣಗಿರುವುದು.

ಗಾಳಿ ಧಾರಾಳ ಸಿಕ್ಕರೆ ಮಣ್ಣು ಕೆಂಪು, ಹೊಗೆಯಲ್ಲಿ ಉಸಿರುಗಟ್ಟಿದರೆ ಕಪ್ಪು. ಈ ಪಾಠಕ್ಕೆ ನಮ್ಮದೇ ನೆಲದಲ್ಲಿ ಪುರಾವೆಯಿದೆ. ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿಯಲ್ಲಿ 1947ರಲ್ಲಿ ಮಾರ್ಟಿಮರ್ ವೀಲರ್ ಉತ್ಖನನ ಮಾಡಿಸಿದಾಗ ಬೃಹತ್ ಶಿಲಾಯುಗದ ಗೋರಿಗಳಲ್ಲಿ ಒಳಗೂ ಬಾಯಂಚೂ ಕಪ್ಪು, ಕೆಳಗೆಲ್ಲ ಕೆಂಪಾದ ಮಡಕೆಗಳು ಸಿಕ್ಕವು. ಎರಡು ಬಣ್ಣ ಬಳಿದದ್ದಲ್ಲ. ಬಾಯಿ ಕೆಳಗೆ ಮಾಡಿ ಬೂದಿ, ಹೊಟ್ಟಿನಲ್ಲಿ ಹೂತು ಸುಟ್ಟಿದ್ದರಿಂದ ಹೂತ ಭಾಗಕ್ಕೆ ಗಾಳಿ ಸಿಗದೆ ಕಪ್ಪಾಯಿತು ಎಂಬುದು ಬಹುಪಾಲು ವಿದ್ವಾಂಸರ ವಿವರಣೆ. ಈಗ ಸ್ಟುಡಿಯೋಗಳಲ್ಲಿ ಮರದ ಹೊಟ್ಟಿನ ಡಬ್ಬಿಯಲ್ಲಿ ಸಣ್ಣ ಪಾತ್ರೆ ಹೂತು ಹೊಗೆ ಹಾಕುವ ಪ್ರಯೋಗ ಮಾಡಿಸುವುದುಂಟು. ಮುಚ್ಚಳ ತೆಗೆದು ಕಪ್ಪು ಪಾತ್ರೆ ಎತ್ತಿಕೊಂಡವರ ಕೈಯಲ್ಲಿ ಆಗ ಬ್ರಹ್ಮಗಿರಿಯ ಕುಂಬಾರನ ಉಪಾಯವೇ ಇರುತ್ತದೆ.

ಆವಿಗೆ ತೆರೆಯುವ ದಿನ ಯಾರೂ ರಜೆ ಹಾಕುವುದಿಲ್ಲ. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ ಎಂಬ ಗಾದೆ ಅವತ್ತು ಎಲ್ಲರ ಎದೆಯಲ್ಲೂ ಇರುತ್ತದೆ. ಕಲಿಸುವವರು ಒಂದೊಂದನ್ನೇ ಎತ್ತಿ ಬೆರಳಿನ ಗಿಣ್ಣಿನಿಂದ ತಟ್ಟುತ್ತಾರೆ. ಠಣ್ ಎಂದರೆ ಗಟ್ಟಿ, ಮಂಕಾಗಿ ಸದ್ದು ಬಂದರೆ ಎಲ್ಲೋ ಕಾಣದ ಬಿರುಕು. ಮಡಕೆ ತಟ್ಟುವ ಈ ಸದ್ದು ಕನ್ನಡ ಕಾವ್ಯದೊಳಗೂ ಇದೆ. ಭಾಲ್ಕಿಯ ಶಿವಶರಣ ಕುಂಬಾರ ಗುಂಡಯ್ಯ ಮಡಕೆ ಬಡಿಯುವ ಲಯಕ್ಕೆ ಶಿವನೇ ಇಳಿದು ಬಂದು ಕುಣಿದ ಕಥೆಯನ್ನು ಹರಿಹರ 'ಕುಂಬಾರ ಗುಂಡಯ್ಯನ ರಗಳೆ'ಯಲ್ಲಿ ಹೇಳಿದ್ದಾನೆ. ಗುಂಡಯ್ಯನ ಹೆಂಡತಿ ಕೇತಲದೇವಿ ಸ್ವತಃ ವಚನಕಾರ್ತಿ. ಸ್ಟುಡಿಯೋ ಕುಂಬಾರಿಕೆಯ ಚರಿತ್ರೆ ಹೇಳುವಾಗ 1952ರಲ್ಲಿ ದೆಹಲಿಯಲ್ಲಿ ಗುರ್ಚರಣ್ ಸಿಂಗ್ ಆರಂಭಿಸಿದ ಡೆಲ್ಲಿ ಬ್ಲೂ ಪಾಟರಿ, 1971ರಲ್ಲಿ ಪುದುಚೇರಿಯಲ್ಲಿ ರೇ ಮೀಕರ್ ಮತ್ತು ಡೆಬೊರಾ ಸ್ಮಿತ್ ಕಟ್ಟಿದ ಗೋಲ್ಡನ್ ಬ್ರಿಡ್ಜ್ ಪಾಟರಿ ಹೆಸರು ಬರುತ್ತದೆ, ಬರಲೇಬೇಕು. ದಕ್ಷಿಣ ಭಾರತದಲ್ಲಿ ಇವತ್ತು ಸ್ಟೋನ್‌ವೇರ್ ಮಾಡುವ ಎಷ್ಟೋ ಜನ ಪುದುಚೇರಿಯಲ್ಲಿ ಕಲಿತು ಬಂದವರು. ಆ ಸಾಲಿನಲ್ಲೇ ಗುಂಡಯ್ಯನಿಗೂ ಒಂದು ಜಾಗ ಇರಲಿ.

ಈ ತರಗತಿಗಳು ತುಂಬಿ ತುಳುಕುವುದು ಗೌರಿ ಗಣೇಶ ಹಬ್ಬದ ಮುಂಚಿನ ವಾರಗಳಲ್ಲಿ. ಆರ್.ವಿ. ರಸ್ತೆಯ ಬದಿಯಲ್ಲಿ ಸಾಲು ಸಾಲು ಮೂರ್ತಿಗಳು ಬಂದಿಳಿಯುವ ಹೊತ್ತಿಗೆ ಜಯನಗರ, ಬನಶಂಕರಿಯ ಮಕ್ಕಳು ತಮ್ಮ ಗಣಪನನ್ನು ತಾವೇ ಮಾಡಲು ಕೂರುತ್ತಾರೆ. ಪ್ಲಾಸ್ಟರ್ ಆಫ್ ಪ್ಯಾರಿಸ್ ಮೂರ್ತಿಗಳನ್ನು ಕರ್ನಾಟಕ ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿ 2016ರಲ್ಲೇ ನಿಷೇಧಿಸಿತು. ಕೇಂದ್ರ ಮಂಡಳಿಯ ಪರಿಷ್ಕೃತ ಮಾರ್ಗಸೂಚಿ 2020ರಲ್ಲಿ ಬಂತು. ಮಕ್ಕಳಿಗೆ ಇದೆಲ್ಲ ಗೊತ್ತಿಲ್ಲ, ಗೊತ್ತಿರಬೇಕಾಗಿಯೂ ಇಲ್ಲ. ಹೊಟ್ಟೆಗೊಂದು ದೊಡ್ಡ ಉಂಡೆ, ತಲೆಗೊಂದು ಸಣ್ಣದು, ಹೊಸೆದ ಸೊಂಡಿಲು, ಮೊರದ ಹಾಗೆ ಎರಡು ಕಿವಿ. ವರ್ಷವಿಡೀ ಸುಡುವುದನ್ನೇ ಗುರಿಯಾಗಿಸಿಕೊಂಡ ಸ್ಟುಡಿಯೋದಲ್ಲಿ ಸುಡದೆ ಬಿಡುವ ಕೆಲಸ ಇದೊಂದೇ. ಸುಟ್ಟ ಗಣಪ ಕರಗುವುದಿಲ್ಲವಲ್ಲ.

ಹಸಿಮಣ್ಣಿನ ಮೇಲೆ ಈ ಊರಿಗೆ ಇರುವ ಭಕ್ತಿ ಹಳೆಯದು. ತಿಗಳರಪೇಟೆಯ ಧರ್ಮರಾಯಸ್ವಾಮಿ ದೇವಸ್ಥಾನದ ಕರಗ ಉತ್ಸವದಲ್ಲಿ ಹುಣ್ಣಿಮೆಯ ಕರಗಕ್ಕೆ ಮುನ್ನ ಹಸಿ ಕರಗ ನಡೆಯುತ್ತದೆ. ಸಂಪಂಗಿ ಕೆರೆಯ ಮಣ್ಣಿನಿಂದ ಮಾಡಿದ, ಬೆಂಕಿ ಕಾಣದ ಕರಗ ಅದು. ಆ ಕೆರೆಯ ಬಹುಭಾಗದ ಮೇಲೆ ಇವತ್ತು ಕಂಠೀರವ ಕ್ರೀಡಾಂಗಣ ನಿಂತಿದೆ.

ಹಬ್ಬ ಮುಗಿದ ಸಂಜೆ ಕೆಲವರು ಯಡಿಯೂರು ಕೆರೆಯ ಕಲ್ಯಾಣಿಗೆ ಹೋಗುತ್ತಾರೆ, ಕೆಲವರು ಮನೆಯಲ್ಲೇ ಬಕೆಟ್ಟಿನಲ್ಲಿ ಬಿಡುತ್ತಾರೆ. ನೀರಿಗಿಳಿದ ಗಣಪ ಮೊದಲು ಸಣ್ಣ ಗುಳ್ಳೆ ಬಿಡುತ್ತಾನೆ, ಆಮೇಲೆ ಕಿವಿ ಜಾರುತ್ತದೆ, ಬೆಳಗಾಗುವ ಹೊತ್ತಿಗೆ ತಳದಲ್ಲಿ ನುಣ್ಣನೆ ಕೆಸರು. ಸ್ಟುಡಿಯೋದ ಮೂಲೆಯಲ್ಲೂ ಇಂಥದ್ದೇ ಬಕೆಟ್ ಇದೆ. ಕುಸಿದ ಬಟ್ಟಲು, ಕಳಚಿದ ಹಿಡಿ, ಕೆತ್ತಿದ ಚೂರು ಎಲ್ಲ ಅದಕ್ಕೇ ಬೀಳುತ್ತವೆ. ಕೈ ತೊಳೆದ ನೀರೂ ಅಲ್ಲಿಗೇ, ಸಿಂಕಿಗೆ ಹೋದರೆ ಪೈಪು ಕಟ್ಟುತ್ತದೆ. ಒಣ ಧೂಳನ್ನು ಯಾರೂ ಪೊರಕೆಯಲ್ಲಿ ಗುಡಿಸುವುದಿಲ್ಲ, ಅದರಲ್ಲಿರುವ ಸಿಲಿಕಾ ಶ್ವಾಸಕೋಶಕ್ಕೆ ಕೆಟ್ಟದ್ದು. ಒದ್ದೆ ಬಟ್ಟೆಯಲ್ಲಿ ಒರೆಸಿ ಅದನ್ನೂ ಅಲ್ಲೇ ಹಿಂಡುತ್ತಾರೆ. ತಿಂಗಳಿಗೊಮ್ಮೆ ಬಕೆಟ್ಟಿನ ಮೇಲಿನ ತಿಳಿನೀರು ಚೆಲ್ಲಿ, ತಳದ ಕೆಸರನ್ನು ಪ್ಲಾಸ್ಟರ್ ಹಲಗೆಯ ಮೇಲೆ ಹರಡುತ್ತಾರೆ. ಹಲಗೆ ನೀರು ಹೀರಿಕೊಳ್ಳುತ್ತದೆ. ಮರುದಿನ ಯಾರಾದರೂ ಬಂದು ಹೆಬ್ಬೆರಳಿನಿಂದ ಒತ್ತಿ ನೋಡಿ, ಇನ್ನೂ ಅಂಟುತ್ತಿದೆ, ನಾಳೆ ನಾದೋಣ ಎಂದು ಮತ್ತೆ ಬಟ್ಟೆ ಮುಚ್ಚುತ್ತಾರೆ.